ಯುರೋಪಿನ ಗ್ರ್ಯಾಂಡ್ ಪಿಯಾನೋ ಆರಿಸೋವಾಗ ನಾವು ಕೇಳೋದು ಯಾವುದರ ನಾದ?

ಕಪ್ಪುಬಿಳಿ88:

ನಮಸ್ಕಾರ. ತುಂಬಾ ವರ್ಷ ಅಪ್‌ರೈಟ್ (ಗೋಡೆಗೆ ಒರಗಿಸಿಡೋ ನಿಂತ ಪಿಯಾನೋ) ಮೇಲೇ ಕಾಲ ಹಾಕಿದೀನಿ, ಈಗ ಒಂದು ಗ್ರ್ಯಾಂಡ್ ತಗೊಳ್ಳೋ ಯೋಗ ಕೂಡಿ ಬಂದಿದೆ, ಬಂದಿದ್ದೇ ತಡ ತಲೆಬಿಸೀನೂ ಶುರು. ಅಳೆದು ಸುರಿದು ಪಟ್ಟಿ ನಾಲ್ಕಕ್ಕೆ ಇಳಿದಿದೆ. ಹ್ಯಾಂಬರ್ಗ್‌ನ ಸ್ಟೈನ್‌ವೇ ಎ (188 ಸೆಂ.ಮೀ.), ಬೋಸೆಂಡಾರ್ಫರ್ 200, ಬ್ಲೂತ್ನರ್ ಮಾಡೆಲ್ 6 (191 ಸೆಂ.ಮೀ.), ಫಾಝಿಯೋಲಿ ಎಫ್ 183. ಮೊದಲ ಎರಡು ಸೆಕೆಂಡ್ ಹ್ಯಾಂಡ್, ಕೊನೇ ಎರಡು ಹೊಸವು. ಉದ್ದದಲ್ಲಿ ನಾಲ್ಕೂ ಹೆಚ್ಚುಕಮ್ಮಿ ಒಂದೇ, ಆದ್ರಿಂದ ಹೋಲಿಕೆಯಲ್ಲಿ ಯಾವುದಕ್ಕೂ ಅನ್ಯಾಯ ಇಲ್ಲ.

ತೊಂದ್ರೆ ಏನಂದ್ರೆ ಓದಿದ್ದಕ್ಕೂ ಕೇಳಿದ್ದಕ್ಕೂ ತಾಳೆನೇ ಆಗ್ತಿಲ್ಲ. ಎಲ್ಲಿ ಓದಿದ್ರೂ ವಿಯೆನ್ನಾ (ಬೋಸೆಂಡಾರ್ಫರ್) ನಾದ ಬೆಚ್ಚಗೆ, ಲೈಪ್‌ಝಿಗ್ (ಬ್ಲೂತ್ನರ್) ನಾದ ದುಂಡು, ಇಟಲಿದು (ಫಾಝಿಯೋಲಿ) ಹೊಳಪು, ಹ್ಯಾಂಬರ್ಗ್‌ದು (ಸ್ಟೈನ್‌ವೇ) ಎಲ್ಲದಕ್ಕೂ ಸೈ ಅಂತ ಷರಾ ಬರೆದು ಮುಗಿಸಿರ್ತಾರೆ. ನಾನು ನುಡಿಸಿದ ಬೋಸೆಂಡಾರ್ಫರ್ ತಾರದಲ್ಲಿ ಕಿವಿ ಚುಚ್ತಿತ್ತು, ಫಾಝಿಯೋಲಿ ನೋಡಿದ್ರೆ ಎಲ್ಲರೂ ಹೇಳೋದಕ್ಕೆ ಉಲ್ಟಾ, ಮೆತ್ತಗಿತ್ತು. ಸ್ಟೈನ್‌ವೇ ಮೊದಲನೇ ಸಲ ಕೇಳಿದಾಗ ಒಂಥರಾ, ಆಮೇಲೆ ಯಾರೋ ಟೆಕ್ನಿಶಿಯನ್ ಬಂದು ಏನೋ ಮಾಡಿ ಹೋದ್ಮೇಲೆ ಬೇರೆ ಪಿಯಾನೋನೇ ಇಟ್ಟಿದಾರೇನೋ ಅನ್ನೋ ಹಾಗೆ. ಬ್ಲೂತ್ನರ್ ಇದ್ದಿದ್ದು ಕಲ್ಲು ಹಾಸಿದ ದೊಡ್ಡ ಹಾಲ್‌ನಲ್ಲಿ, ಅಲ್ಲಿ ಏನು ನುಡಿಸಿದ್ರೂ ಚೆನ್ನಾಗೇ ಕೇಳುತ್ತೆ.

ನನ್ನ ರೂಮು 5 ಮೀಟರ್ ಉದ್ದ, 4.2 ಅಗಲ, ಚಾವಣಿ 2.7. ಮರದ ನೆಲ, ಒಂದು ಗೋಡೆ ಪೂರ್ತಿ ಪುಸ್ತಕ. ನುಡಿಸೋದು ಜಾಸ್ತಿ ಶೂಬರ್ಟ್, ಬ್ರಾಮ್ಸ್‌ನ ಕೊನೆಗಾಲದ ಚಿಕ್ಕ ಚಿಕ್ಕ ರಚನೆಗಳು, ಸ್ವಲ್ಪ ಡೆಬ್ಯೂಸಿ, ಅಪರೂಪಕ್ಕೆ ಫ್ರೆಂಡ್ ಚೆಲ್ಲೋ ತಂದ್ರೆ ಜೊತೆಗೂಡೋದು. ಕಛೇರಿ ಗಿಛೇರಿ ಏನಿಲ್ಲ.

ಪ್ರಶ್ನೆ ಇಷ್ಟೇ. ನಾನು ಕೇಳ್ತಿರೋದ್ರಲ್ಲಿ ಪಿಯಾನೋದ್ದು ಎಷ್ಟು, ತಂತಿಗೆ ಹೊಡೆಯೋ ಸುತ್ತಿಗೆ, ಶ್ರುತಿ, ರೂಮು ಇವುಗಳದ್ದು ಎಷ್ಟು? ಇದನ್ನ ಬಿಡಿಸಿ ಕೇಳೋಕೆ ದಾರಿ ಇದ್ಯಾ, ಇಲ್ಲಾ ಕಣ್ಣು ಮುಚ್ಕೊಂಡು ಹೆಸರು ನೋಡಿ ತಗೊಳ್ಳೋದೇನಾ?


ಫೆಲ್ಟುಸೂಜಿ:

ಪಿಯಾನೋ ರಿಪೇರಿ, ಶ್ರುತಿ, ವಾಯ್ಸಿಂಗ್ (ಸುತ್ತಿಗೆ ಹದ ಮಾಡಿ ನಾದದ ಬಣ್ಣ ತಿದ್ದೋದು) ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ನೀವು ಸ್ಟೈನ್‌ವೇ ಬಗ್ಗೆ ಬರೆದಿದ್ರಲ್ಲೇ ಅರ್ಧ ಉತ್ತರ ಇದೆ. ಆ ಟೆಕ್ನಿಶಿಯನ್ ಬಂದು ಸುತ್ತಿಗೆಗಳ ಫೆಲ್ಟ್‌ಗೆ ಸೂಜಿ ಹಾಕಿ ಹೋಗಿರ್ತಾರೆ. ಫೆಲ್ಟ್ ಗಟ್ಟಿ ಇದ್ರೆ ಮೇಲಿನ ಉಪಸ್ವರಗಳು (ಮೂಲಸ್ವರದ ಜೊತೆಗೇ ಹುಟ್ಟೋ ಎತ್ತರದ ಸ್ವರಗಳು) ಜಾಸ್ತಿ ಎದ್ದು ಚುರುಕಾಗಿ ಕೇಳುತ್ತೆ, ಸೂಜಿ ಚುಚ್ಚಿ ಸಡಿಲ ಮಾಡಿದ್ರೆ ದುಂಡಗಾಗುತ್ತೆ. ಯುರೋಪಿನ ಸುತ್ತಿಗೆಗಳು ಸಾಮಾನ್ಯವಾಗಿ ಗಟ್ಟಿಯಾಗೇ ಬರ್ತವೆ, ನಾವು ಅದನ್ನ ಸೂಜಿಯಿಂದ ಕೆಳಗಿಳಿಸ್ತೀವಿ. ಸ್ಟೈನ್‌ವೇಲೇ ನೋಡಿ, ನ್ಯೂಯಾರ್ಕ್ ಕಾರ್ಖಾನೆ ಸಂಪ್ರದಾಯ ಇದಕ್ಕೆ ಉಲ್ಟಾ, ಮೆತ್ತನೆ ಫೆಲ್ಟ್ ತಗೊಂಡು ಲ್ಯಾಕರ್ ಕುಡಿಸಿ ಗಟ್ಟಿ ಮಾಡ್ತಾರೆ, ಹ್ಯಾಂಬರ್ಗ್‌ನಲ್ಲಿ ಗಟ್ಟಿಯಿಂದ ಶುರು ಮಾಡಿ ಸೂಜಿ. ಇನ್ನೊಂದು ವಿಷಯ, ರೆನ್ನರ್, ಆಬೆಲ್ ಅಂತ ಜರ್ಮನಿಯ ಎರಡು ಕಂಪನಿಗಳ ಸುತ್ತಿಗೆ ಬೇರೆ ಬೇರೆ ಹೆಸರಿನ ಎಷ್ಟೋ ಪಿಯಾನೋ ಒಳಗೆ ಕೂತಿರ್ತವೆ. ಹೀಗಿರೋವಾಗ ಶೋರೂಮಲ್ಲಿ ಹತ್ತು ನಿಮಿಷ ನುಡಿಸಿ ಬೆಚ್ಚಗಿದೆ ಚುಚ್ಚುತ್ತೆ ಅಂತ ತೀರ್ಪು ಕೊಟ್ರೆ ಅದು ಬಹುತೇಕ ಸುತ್ತಿಗೆ ಮೇಲಿನ ತೀರ್ಪು, ಪಿಯಾನೋ ಮೇಲಿಂದಲ್ಲ.

ಬದಲಾಯಿಸೋಕೆ ಆಗೋದು, ಆಗದೇ ಇರೋದು ಅಂತ ಮನಸ್ಸಲ್ಲೇ ಎರಡು ಭಾಗ ಮಾಡ್ಕೊಳ್ಳಿ. ಚುರುಕು, ಮೆತ್ತಗೆ, ಒಂದು ಸ್ವರ ಪಕ್ಕದ್ದಕ್ಕಿಂತ ಜೋರು, ಕೀಲಿ ಒತ್ತೋಕೆ ಭಾರ, ಇದೆಲ್ಲ ನಮ್ಮ ಕೈಲಿರೋದು. ಸೌಂಡ್‌ಬೋರ್ಡ್ (ತಂತಿಗಳ ಕೆಳಗೆ ಮಿಡಿದು ಸದ್ದು ದೊಡ್ಡದು ಮಾಡೋ ಮರದ ಹಲಗೆ) ಎಷ್ಟು ಜೀವಂತ ಇದೆ, ತಂತಿಗಳ ಉದ್ದ ದಪ್ಪದ ಲೆಕ್ಕಾಚಾರ, ತಂತಿಯ ಕಂಪನಾನ ಬೋರ್ಡ್‌ಗೆ ಮುಟ್ಟಿಸೋ ಸೇತುವೆ ಎಲ್ಲಿ ಕೂತಿದೆ, ಇದು ಯಾರ ಕೈಲೂ ಇಲ್ಲ, ಬದಲಾಯಿಸ್ಬೇಕಂದ್ರೆ ಪಿಯಾನೋ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕು. ನೀವು ಕೇಳ್ಬೇಕಾಗಿರೋದು ಈ ಎರಡನೇ ಭಾಗ.

ಮೊದಲು ನಾದ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ. ಮಧ್ಯದ ಸಿ ಇಂದ ಒಂದು ಆಕ್ಟೇವ್ ಮೇಲೆ ಹೋಗಿ ಅಲ್ಲಿಂದ ಸುಮಾರು ಒಂದೂವರೆ ಆಕ್ಟೇವ್, ಒಂದೊಂದೇ ಸ್ವರ, ಸಾಧಾರಣ ಜೋರಲ್ಲಿ ಒತ್ತಿ ಹಿಡ್ಕೊಂಡು ಪೂರ್ತಿ ಆರೋವರೆಗೂ ಕೇಳಿ. ನಮ್ಮಲ್ಲಿ ಈ ಜಾಗಕ್ಕೆ ಕಿಲ್ಲರ್ ಆಕ್ಟೇವ್ ಅಂತಾನೇ ಹೆಸರು, ಸೌಂಡ್‌ಬೋರ್ಡ್‌ನ ಉಬ್ಬು ಇಳಿದಿದ್ರೆ ಮೊದಲು ಸಾಯೋದು ಇಲ್ಲೇ. ಟಕ್ ಅಂತ ಸದ್ದು ಬಂದು ಹಿಂದೆ ಏನೂ ಉಳೀಲಿಲ್ಲ ಅಂದ್ರೆ ಎಂಥಾ ಹೆಸರಿದ್ರೂ ಬಿಟ್ಟು ಬನ್ನಿ, ಯಾಕಂದ್ರೆ ಶೂಬರ್ಟ್‌ನಲ್ಲಿ ಬಲಗೈ ಹಾಡೋದೆಲ್ಲ ಅದೇ ಜಾಗದಲ್ಲಿ. ಸದ್ದು ಮೊದಲು ಬೇಗ ಇಳಿದು ಆಮೇಲೆ ನಿಧಾನಕ್ಕೆ ಇಳಿಯುತ್ತೆ, ಎರಡು ಹಂತ. ಆ ಎರಡನೇ ಹಂತದ ಬಾಲ ಎಷ್ಟು ಉದ್ದ ಅನ್ನೋದನ್ನ ಹಿಡೀರಿ. ಇದ್ರಲ್ಲೂ ಶ್ರುತಿ ಮಾಡಿದವರ ಕೈ ಸ್ವಲ್ಪ ಇರುತ್ತೆ, ಒಂದು ಸ್ವರದ ಮೂರು ತಂತಿಗಳು ಎಷ್ಟು ಕರಾರುವಾಕ್ಕಾಗಿ ಕೂಡಿವೆ ಅನ್ನೋದ್ರ ಮೇಲೆ ಬಾಲದ ಆಕಾರ ಬದಲಾಗುತ್ತೆ, ಆದ್ರಿಂದ ನಾಲ್ಕನ್ನೂ ಹೊಸದಾಗಿ ಶ್ರುತಿ ಮಾಡಿಸಿದ ಮೇಲೇ ಹೋಲಿಸಿ. ಗಂಭೀರವಾಗಿ ತಗೊಳ್ಳೋರು ಕೇಳಿದ್ರೆ ಅಂಗಡಿಯವರು ಮಾಡಿಸ್ತಾರೆ, ಸಂಕೋಚ ಬೇಡ.

ಅನುಮಾನ ಇನ್ನೂ ಉಳಿದ್ರೆ ಒಂದು ಉಪಾಯ ಇದೆ. ಕೇಳಿ ಒಪ್ಪಿಗೆ ತಗೊಂಡು, ಬಲ ಪೆಡಲ್ ಒತ್ತಿ ಹಿಡಿದು, ಅದೇ ಜಾಗದ ಒಂದು ತಂತೀನ ಉಗುರಿಂದ ಮೀಟಿ. ಬೆರಳ ತುದಿ ತಾಕಿಸಬೇಡಿ, ಬೆವರು ಬಿದ್ರೆ ಉಕ್ಕಿನ ತಂತಿ ತುಕ್ಕು ಹಿಡಿಯುತ್ತೆ. ಮೀಟಿದಾಗ ಸುತ್ತಿಗೆಯ ಪಾಲೇ ಇರಲ್ಲ, ಬರೀ ತಂತಿ ಮತ್ತೆ ಬೋರ್ಡು. ಮೀಟಿದ್ರೆ ನಾದ ಉದ್ದಕ್ಕೆ ನಿಲ್ಲುತ್ತೆ, ಕೀಲಿ ಒತ್ತಿದ್ರೆ ಸತ್ತ ಹಾಗಿದೆ ಅಂದ್ರೆ ರೋಗ ಸುತ್ತಿಗೇಲಿ, ಅದನ್ನ ವಾಸಿ ಮಾಡ್ಬೋದು. ಮೀಟಿದ್ರೂ ಸತ್ತ ಹಾಗೇ ಇದ್ರೆ ಮಾತು ಮುಗೀತು.

ಆಮೇಲೆ ಮಂದ್ರದ ಕಡೆ ಬನ್ನಿ. ಮಧ್ಯದ ಸಿ ಇಂದ ಎರಡು ಆಕ್ಟೇವ್ ಕೆಳಗಿಂದ ನಿಧಾನಕ್ಕೆ ಒಂದೊಂದೇ ಮೆಟ್ಟು ಹತ್ಕೊಂಡು ಬನ್ನಿ. ಎಲ್ಲೋ ಒಂದು ಕಡೆ ತಾಮ್ರ ಸುತ್ತಿದ ತಂತಿ ಮುಗಿದು ಬರೀ ಉಕ್ಕಿನ ತಂತಿ ಶುರುವಾಗುತ್ತೆ, ಸೇತುವೇನೂ ಬೇರೆ ಆಗುತ್ತೆ. ಆ ಗಡಿ ದಾಟೋವಾಗ ದನಿ ಒಡೆದು ಬೇರೆಯವರು ಮಾತಾಡಿದ ಹಾಗೆ ಕೇಳಿದ್ರೆ ಅದು ವಿನ್ಯಾಸದಲ್ಲೇ ಇರೋ ರಾಜಿ, ಸೂಜಿ ಹಾಕಿ ಸ್ವಲ್ಪ ಮುಚ್ಚಬಹುದೇ ಹೊರತು ತೆಗೆಯೋಕಾಗಲ್ಲ. ಎರಡು ಮೀಟರ್ ಒಳಗಿನ ಪಿಯಾನೋಗಳಲ್ಲಿ ಇದು ಸ್ವಲ್ಪವಾದ್ರೂ ಇದ್ದೇ ಇರುತ್ತೆ, ಯಾವುದ್ರಲ್ಲಿ ಕಮ್ಮಿ ಅನ್ನೋದೇ ಪ್ರಶ್ನೆ. ಬ್ರಾಮ್ಸ್ ನುಡಿಸೋರಿಗೆ ಇದು ಕಿರಿಕಿರಿ ಜಾಸ್ತಿ, ಆತ ಬರೆಯೋದೇ ಅಲ್ಲಿ.

ಕೊನೇದಾಗಿ, ಜೋರಾಗಿ ನುಡಿಸಿ ಮೆಚ್ಕೋಬೇಡಿ. ಎಲ್ಲಾ ಪಿಯಾನೋನೂ ಜೋರಲ್ಲಿ ಚೆನ್ನಾಗಿರ್ತವೆ. ತೀರಾ ಮೆತ್ತಗಿಂದ ಜೋರಿನವರೆಗೂ ಬಣ್ಣ ಬದಲಾಗುತ್ತಾ, ಇಲ್ಲಾ ಬರೀ ವಾಲ್ಯೂಮ್ ಏರುತ್ತಾ ನೋಡಿ. ಬಣ್ಣ ಬದಲಾಗದೇ ಇರೋದಕ್ಕೆ ಸುತ್ತಿಗೆ ವಿಪರೀತ ಗಟ್ಟಿ ಅಥವಾ ವಿಪರೀತ ಮೆತ್ತಗಿರೋದೂ ಕಾರಣ ಇರ್ಬೋದು, ಅದಕ್ಕೇ ಇದನ್ನ ಕೊನೇಲಿ ಹೇಳಿದ್ದು.


ನಿಧಾನಲಯ:

ಫೆಲ್ಟುಸೂಜಿ ಅವರ ಮಾತು ಎಲ್ಲಾ ಒಪ್ತೀನಿ, ಆದ್ರೆ ಈ ಟೆಕ್ನಿಶಿಯನ್‌ಗಳು ಎಲ್ಲಾನೂ ಸುತ್ತಿಗೆಗೆ ಕಟ್ಟಿಬಿಡ್ತಾರೆ 🙂 ಕಟ್ಟೋ ಕ್ರಮ ಬೇರೆ ಆದ್ರೆ ನಾದದ ಗುಣಾನೂ ಬೇರೆ, ಅದನ್ನ ಎಷ್ಟು ಸೂಜಿ ಹಾಕಿದ್ರೂ ಅಳಿಸೋಕಾಗಲ್ಲ.

ಸ್ಟೈನ್‌ವೇ ಹೊರ ಚೌಕಟ್ಟು ಗಟ್ಟಿ ಮರದ ತೆಳು ಪದರಗಳನ್ನ ಅಂಟಿಸಿ ಒಟ್ಟಿಗೇ ಬಗ್ಗಿಸಿ ಮಾಡಿದ್ದು, ಉದ್ದೇಶ ಶಕ್ತಿ ಚೌಕಟ್ಟಿಗೆ ಸೋರಿ ಹೋಗದೆ ಬೋರ್ಡ್‌ನಲ್ಲೇ ಉಳೀಲಿ ಅಂತ. ಬೋಸೆಂಡಾರ್ಫರ್ ಹಳೇ ದಾರಿ ಹಿಡಿದಿದೆ, 1828ರಿಂದ ಇರೋ ಮನೆತನ ಅದು, ಅವರು ಚೌಕಟ್ಟಿಗೂ ಸ್ಪ್ರೂಸ್ ಮರಾನೇ ಬಳಸ್ತಾರೆ, ಬೋರ್ಡ್ ಯಾವ ಮರವೋ ಪೆಟ್ಟಿಗೇನೂ ಅದೇ. ಪೆಟ್ಟಿಗೆ ಕೂಡ ಜೊತೇಲಿ ಮಿಡೀಬೇಕು ಅನ್ನೋದು ಅವರ ತತ್ವ. ಇದು ಜಾಹೀರಾತಿನ ಮಾತಷ್ಟೇ ಅಂತ ತಳ್ಳಿಹಾಕೋರು ಇದಾರೆ, ನನ್ನ ಕಿವಿಗಂತೂ ಫರಕ್ ಕೇಳುತ್ತೆ. ಸ್ಟೈನ್‌ವೇಲಿ ಸ್ವರ ಗಟ್ಟಿಯಾಗಿ ಮುಂದಕ್ಕೆ ಬರುತ್ತೆ, ಇಡೀ ಹಾಲ್ ದಾಟಿ ಹೋಗೋ ಹಾಗೆ. ಬೋಸೆಂಡಾರ್ಫರ್‌ನಲ್ಲಿ ಸ್ವರ ನುಡಿಸೋರ ಸುತ್ತ ಹರಡ್ಕೊಳ್ಳುತ್ತೆ, ಮಂದ್ರದಲ್ಲಿ ಮೂಲಸ್ವರ ಜಾಸ್ತಿ, ಮೇಲೆ ಮೇಲೆ ಹೋದ ಹಾಗೆ ತೆಳ್ಳಗೆ, ಹಾಡೋ ಥರ. ನಿಮಗೆ ತಾರದಲ್ಲಿ ಚುಚ್ಚಿದ್ದು ಹಳೇ ಸುತ್ತಿಗೆ ಇರ್ಬೋದು, ಸೆಕೆಂಡ್ ಹ್ಯಾಂಡ್ ಅಂದ್ರಲ್ಲ.

2008ರಲ್ಲಿ ಯಮಾಹಾ ತಗೊಂಡ ಮೇಲೆ ಬೋಸೆಂಡಾರ್ಫರ್ ಯಮಾಹಾ ಥರಾನೇ ಆಗೋಯ್ತು ಅಂತ ಪದೇ ಪದೇ ಬರೀತಾರೆ. ಕಟ್ಟೋದು ಈಗಲೂ ಆಸ್ಟ್ರಿಯಾದ ವೀನರ್ ನಾಯ್‌ಸ್ಟಾಟ್‌ನಲ್ಲೇ. 2015ರಲ್ಲಿ 280ವಿಸಿ ಅನ್ನೋ ಮಾಡೆಲ್ ಬಂದ ಮೇಲೆ ಆ ವಿಸಿ ಸಾಲಿನ ಪಿಯಾನೋಗಳು ಹಳೇ ಮಾಡೆಲ್‌ಗಳಿಗಿಂತ ದನೀನ ಮುಂದಕ್ಕೆ ಎಸೆಯೋದು ಹೌದು, ಆದ್ರೆ ನೀವು ನೋಡ್ತಿರೋ 200 ಆ ಸಾಲಿಂದಲ್ಲ, ಆದ್ರಿಂದ ಆ ಜಗಳ ನಿಮಗೆ ಬೇಡ.

ಬ್ಲೂತ್ನರ್ ಬಗ್ಗೆ: ತಾರದ ಕಡೆ ಪ್ರತಿ ಸ್ವರಕ್ಕೂ ಮೂರರ ಜೊತೆ ನಾಲ್ಕನೇ ತಂತಿ ಇರುತ್ತೆ, ಸುತ್ತಿಗೆ ಅದಕ್ಕೆ ತಾಗಲ್ಲ, ಪಕ್ಕದವು ಮಿಡಿದ್ರೆ ತಾನೂ ಮಿಡಿಯುತ್ತೆ, ಸಿತಾರ್‌ನ ತರಬ್ ತಂತಿ ಇದ್ದ ಹಾಗೆ. ಅಲಿಕ್ವಾಟ್ ಅಂತಾರೆ, 1873ರಿಂದ ಇದೆ. ಇದ್ರಿಂದ ಜೋರೇನೂ ಹೆಚ್ಚಾಗಲ್ಲ, ಸ್ವರದ ಸುತ್ತ ಒಂದು ತೆಳು ಬೆಳಕು ಬರುತ್ತೆ, ಡೆಬ್ಯೂಸಿಗೆ ಅದು ಎಷ್ಟು ಒಪ್ಪುತ್ತೆ ಅನ್ನೋದಕ್ಕೆ ಡೆಬ್ಯೂಸಿ ಮನೇಲಿ ಇದ್ದಿದ್ದೇ ಬ್ಲೂತ್ನರ್ ಅನ್ನೋದು ಸಾಕು. ಕಲ್ಲಿನ ಹಾಲ್‌ನಲ್ಲಿ ನಿಮಗೆ ಕೇಳಿದ್ರಲ್ಲಿ ಆ ಬೆಳಕು ಯಾವುದು, ಗೋಡೆ ಪ್ರತಿಧ್ವನಿ ಯಾವುದು ಅಂತ ಬಿಡಿಸೋಕಾಗಲ್ಲ. ಹತ್ರ ಹೋಗಿ, ಮುಚ್ಚಳ ಪೂರ್ತಿ ಇಳಿಸಿ, ಒಂದೊಂದು ಸ್ವರ ಒತ್ತಿ ಕೇಳಿದ್ರೆ ಹಾಲ್‌ನ ಪಾಲು ಸಾಕಷ್ಟು ಕಮ್ಮಿಯಾಗುತ್ತೆ.

ಅಂದ ಹಾಗೆ ಒಂದು ಮಜಾ, ಲೈಪ್‌ಝಿಗ್‌ನಲ್ಲಿ ಬ್ಲೂತ್ನರ್, ಬರ್ಲಿನ್‌ನಲ್ಲಿ ಬೆಕ್‌ಸ್ಟೈನ್, ನ್ಯೂಯಾರ್ಕ್‌ನಲ್ಲಿ ಸ್ಟೈನ್‌ವೇ, ಮೂರೂ ಶುರುವಾಗಿದ್ದು 1853ರಲ್ಲೇ. ಫಾಝಿಯೋಲಿ ಅವರ ಮುಂದೆ ಮಗು, 1981, ಆದ್ರೆ ಸಮತೆ ವಿಷಯದಲ್ಲಿ, ಅಂದ್ರೆ ಕೆಳಗಿಂದ ಮೇಲಿನವರೆಗೂ ಒಂದೇ ದನಿ ಇರೋದ್ರಲ್ಲಿ, ಈ ಪಟ್ಟೀಲಿ ನನ್ನ ಓಟು ಅದಕ್ಕೇ.

ಪರೀಕ್ಷೆಗೆ ನಿಮ್ಮದೇ ರಚನೆಗಳನ್ನ ತಗೊಂಡು ಹೋಗಿ, ಶೋರೂಮಲ್ಲಿ ಎಲ್ಲರೂ ನುಡಿಸೋ ಷೋಪೆನ್ ಬೇಡ. ಶೂಬರ್ಟ್‌ನ ಕೊನೇ ಬಿ ಫ್ಲ್ಯಾಟ್ ಸೊನಾಟಾ ಶುರುವಲ್ಲೇ, ಮೊದಲ ಸಾಲು ಮುಗಿಯೋ ಹೊತ್ತಿಗೆ, ಎಡಗೈಲಿ ತೀರಾ ಕೆಳಗೆ ಜಿ ಫ್ಲ್ಯಾಟ್ ಮೇಲೆ ಪಿಯಾನಿಸ್ಸಿಮೊ (ತೀರಾ ಮೆತ್ತಗೆ) ಟ್ರಿಲ್, ಅಂದ್ರೆ ಪಕ್ಕಪಕ್ಕದ ಎರಡು ಸ್ವರ ಬೇಗ ಬೇಗ ಅದಲುಬದಲಾಗೋದು, ಬರುತ್ತಲ್ಲ, ಅದನ್ನ ನುಡಿಸಿ. ಅಲ್ಲಿ ಎರಡು ಸ್ವರಾನೂ ಸ್ವರವಾಗಿ ಕೇಳ್ಬೇಕು, ಬರೀ ಗುಡುಗುಡು ಸದ್ದಾದ್ರೆ ಮಂದ್ರದ ತಂತಿಗಳ ಗುಣ ಗೊತ್ತಾಗೋಯ್ತು. ಬ್ರಾಮ್ಸ್ ಓಪಸ್ 117ರ ಮೊದಲನೇದ್ರಲ್ಲಿ ರಾಗ ಒಳದನೀಲಿದೆ, ಮೇಲೂ ಕೆಳಗೂ ಇ ಫ್ಲ್ಯಾಟ್ ಸುತ್ತುವರ್ಕೊಂಡಿರುತ್ತೆ. ಆ ಒಳದನೀನ ನೀವು ಬೆರಳಿಂದ ಒತ್ತಿ ಒತ್ತಿ ಎತ್ತಬೇಕಾಗುತ್ತಾ, ಇಲ್ಲಾ ಪಿಯಾನೋನೇ ಅದನ್ನ ಬಿಡಿಸಿ ಕೊಡುತ್ತಾ? ನಾನಂತೂ ಯಾವ ಪಿಯಾನೋ ಮುಂದೆ ಕೂತ್ರೂ ಮೊದಲು ನುಡಿಸೋದು ಇದನ್ನೇ.


ಅಡ್ಡಮಾತು:

ಹೆಸರು ಮುಚ್ಚಿ ಕೇಳಿ ಸ್ವಾಮಿ. ಮುಂದಿನ ಹಲಗೆ ಮೇಲಿನ ಅಕ್ಷರಕ್ಕೆ ಒಂದು ಕರ್ಚೀಫ್ ಹಾಕಿ, ಬೇರೆಯವರನ್ನ ನುಡಿಸೋಕೆ ಕೂರಿಸಿ, ನೀವು ಬೆನ್ನು ತಿರುಗಿಸಿ ಪಿಯಾನೋದ ಬಾಲದ (ಕೀಲಿಗಳ ಎದುರು ತುದಿಯ) ಕಡೆ ನಿಂತ್ಕೊಳ್ಳಿ. ಇಲ್ಲಿ ಬೆಚ್ಚಗೆ ದುಂಡು ಹೊಳಪು ಅಂತ ಬರೆಯೋ ಅರ್ಧ ಜನ ಅಕ್ಷರ ಓದಿ ಬರೀತಾರೆ ಅನ್ನೋದು ನನ್ನ ಗಟ್ಟಿ ಅನುಮಾನ, ನಿಧಾನಲಯ ಅವರನ್ನ ಹೊರತುಪಡಿಸಿ ಅಂತ ಸೌಜನ್ಯಕ್ಕೆ ಹೇಳ್ತೀನಿ.

ಆಮೇಲೆ ಯೂಟ್ಯೂಬ್ ಹೋಲಿಕೆ ವಿಡಿಯೋ ನೋಡಿ ನಿರ್ಧಾರ ಮಾಡೋದನ್ನ ಬಿಟ್ಬಿಡಿ. ಮೈಕ್ ತಂತಿಗಳ ಮೇಲೆ ಒಂದು ಗೇಣು ಎತ್ತರದಲ್ಲಿಟ್ರೆ ಒಂದು ಪಿಯಾನೋ, ಎರಡು ಮೀಟರ್ ದೂರ ಇಟ್ರೆ ಅದೇ ಇನ್ನೊಂದು ಪಿಯಾನೋ.

ಮತ್ತೆ ಪಟ್ಟೀಲಿ ಪೆಟ್ರೋಫ್, ಗ್ರೋಟ್ರಿಯನ್, ಸಾಟರ್ ಥರದ ಯುರೋಪಿನ ಬೇರೆ ಕಂಪನಿಗಳ ಪಿಯಾನೋ ಯಾಕಿಲ್ಲ? ಕಛೇರಿ ಇಲ್ಲ ಅಂತ ನೀವೇ ಹೇಳಿದೀರ, ರೂಮಲ್ಲಿ ಶೂಬರ್ಟ್ ನುಡಿಸೋರು ಒಂದ್ಸಲ ಅವನ್ನೂ ಕೇಳದೆ ಮುಂದುವರಿಯೋದು ನ್ಯಾಯ ಅಲ್ಲ.


ಮೂಲೆಗೋಡೆ:

ಎಲ್ಲರೂ ಪಿಯಾನೋ ಬಗ್ಗೇನೇ ಮಾತಾಡ್ತಿದೀರ, ಅವರು ಕೊಟ್ಟಿರೋ ರೂಮಿನ ಅಳತೆ ಯಾರೂ ನೋಡಲೇ ಇಲ್ವಲ್ಲ.

5 ಮೀಟರ್ ಉದ್ದದ ರೂಮಲ್ಲಿ ಎರಡು ಗೋಡೆ ನಡುವೆ ಆ ಉದ್ದಕ್ಕೆ ಕಟ್ಕೊಳ್ಳೋ ಸದ್ದಿನ ಅಲೆ ಸುಮಾರು 34 ಹರ್ಟ್ಸ್, ಅದರ ಮುಂದಿನದು 69ರ ಹತ್ರ. 69 ಅಂದ್ರೆ ಮಧ್ಯದ ಸಿ ಶಾರ್ಪ್‌ನಿಂದ ಎರಡು ಆಕ್ಟೇವ್ ಕೆಳಗಿನ ಸಿ ಶಾರ್ಪ್. ನೀವು ಯಾವ ಪಿಯಾನೋ ತಂದಿಟ್ರೂ ಆ ಒಂದು ಸ್ವರ, ಅಕ್ಕಪಕ್ಕದವೂ ಸ್ವಲ್ಪ, ಗುಂಯ್ ಅಂತ ಉಬ್ಬುತ್ತವೆ. ನಿಮ್ಮ ತಲೆ ರೂಮಿನ ಉದ್ದದ ಸರಿಯಾಗಿ ನಡುವೆ ಬಂದ್ರೆ ಜಾಸ್ತಿ, ಗೋಡೆಯಿಂದ ಕಾಲು ಭಾಗದ ಹತ್ರ, ಅಂದ್ರೆ ಸುಮಾರು ಒಂದೂಕಾಲು ಮೀಟರ್‌ನಲ್ಲಿ ಬಂದ್ರೆ ಅದೇ ಸ್ವರ ಮಾಯ. ಜನ ಇದಕ್ಕೆ ಪಿಯಾನೋನ ಬೈತಾರೆ, ಟೆಕ್ನಿಶಿಯನ್‌ನ ಕರೆಸ್ತಾರೆ, ಅವರು ಪಾಪ ಆ ಒಂದು ಸುತ್ತಿಗೆಗೆ ಸೂಜಿ ಹಾಕಿ ಹೋಗ್ತಾರೆ. ಸ್ಟೂಲ್ ಅರ್ಧ ಮೀಟರ್ ಆಚೆ ಈಚೆ ಮಾಡಿದ್ರೆ ಆಗೋ ಕೆಲ್ಸ ಅದು.

ಪುಸ್ತಕದ ಗೋಡೆ ಇರೋದು ನಿಮ್ಮ ಅದೃಷ್ಟ. ಮುಚ್ಚಳ ತೆರೆಯೋ ಕಡೆ, ಅಂದ್ರೆ ಪಿಯಾನೋದ ಬಾಗಿದ ಬದಿ, ಪುಸ್ತಕದ ಕಡೆ ಮುಖ ಮಾಡ್ಲಿ, ನೆಟ್ಟಗಿರೋ ಬದಿ ಬೋಳು ಗೋಡೆ ಕಡೆ. ಮರದ ನೆಲ ಅಂದ್ರಲ್ಲ, ಪಿಯಾನೋ ಕೆಳಗೆ ದಪ್ಪ ರತ್ನಗಂಬಳಿ ಹಾಸಿ, ಬೋರ್ಡ್ ಕೆಳಗೂ ಅಷ್ಟೇ ಸದ್ದು ಬಿಡುತ್ತೆ, ಅದು ನೆಲಕ್ಕೆ ಹೊಡೆದು ನೇರ ನಿಮ್ಮ ಕಿವಿಗೇ ಬರೋದು. ಗಂಬಳಿ ಹಾಕೋಕೆ ಮುಂಚೆ ಚುಚ್ಚೋ ಪಿಯಾನೋ ಹಾಕಿದ ಮೇಲೆ ಸಭ್ಯ ಆಗಿರೋದು ನೋಡಿದೀನಿ.

ಇಂಥಾ ರೂಮಿಗೆ 188, 200 ಜಾಸ್ತಿ ಆಯ್ತಾ ಅಂತ ಯಾರಾದ್ರೂ ಹೆದರಿಸಿದ್ರೆ ಹೆದರಬೇಡಿ. ಉದ್ದ ಹೆಚ್ಚಾದ್ರೆ ಮುಖ್ಯವಾಗಿ ಬದಲಾಗೋದು ಮಂದ್ರದ ಗುಣ, ಜೋರು ಅಲ್ಲ. ತಂತಿ ಗಿಡ್ಡ ಆದಷ್ಟೂ, ದಪ್ಪ ಆದಷ್ಟೂ ಅದರ ಉಪಸ್ವರಗಳು ಇರಬೇಕಾದ ಜಾಗದಿಂದ ಮೇಲಕ್ಕೆ ಸರೀತವೆ, ಅದಕ್ಕೇ 155 ಸೆಂ.ಮೀ. ಪಿಯಾನೋಗಳಲ್ಲಿ ಕೆಳಗಿನ ಸ್ವರ ಯಾವುದು ಅಂತಾನೇ ಸರಿಯಾಗಿ ಗೊತ್ತಾಗಲ್ಲ. ರೂಮು ಚಿಕ್ಕದು ಅಂತ ಪಿಯಾನೋ ಚಿಕ್ಕದು ಮಾಡೋದಕ್ಕಿಂತ ಮುಚ್ಚಳ ಅರ್ಧ ಎತ್ತಿ ನುಡಿಸೋದು ಮೇಲು. 274 ಸೆಂ.ಮೀ. ಉದ್ದದ ಸ್ಟೈನ್‌ವೇ ಡಿ ಬಗ್ಗೆ ಕೇಳಿದ್ರೆ ಬೇಡ ಅಂತೀನಿ, ಅದು ಎರಡು ಸಾವಿರ ಜನರ ಹಾಲ್‌ಗೆ ದನಿ ತಲುಪಿಸೋಕೆ ಮಾಡಿದ್ದು, ಅದಕ್ಕೆ ಉಸಿರಾಡೋಕೆ ಜಾಗ ಬೇಕು.

ಅಡ್ಡಮಾತು ಅವರ ಕರ್ಚೀಫ್ ಐಡಿಯಾ ಚೆನ್ನಾಗಿದೆ, ಒಂದೇ ತಿದ್ದುಪಡಿ. ಬಾಲದ ಕಡೆ ನಿಂತು ಕೇಳೋದು ಕೇಳುಗರ ನಾದ. ಇವರು ಒಬ್ಬರೇ ನುಡಿಸ್ಕೊಳ್ಳೋರು, ಇವರಿಗೆ ಬೇಕಾಗಿರೋದು ಸ್ಟೂಲ್ ಮೇಲಿಂದ ಕೇಳೋ ನಾದ, ಎರಡೂ ಎಷ್ಟೋ ಸಲ ತಾಳೆ ಆಗಲ್ಲ. ಹಾಲ್‌ಗೆ ಅಂತ ಮುಂದಕ್ಕೆ ಎಸೆಯೋ ಪಿಯಾನೋ ಕೆಲವು ಸಲ ನುಡಿಸೋರಿಗೇ ಒಣಗಿದ ಹಾಗೆ ಕೇಳುತ್ತೆ.


ಕಪ್ಪುಬಿಳಿ88:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ನಿರೀಕ್ಷೆ ಇರಲಿಲ್ಲ. ಸಿ ಶಾರ್ಪ್ ವಿಷಯ ನಿಜ, ಈಗಿರೋ ಅಪ್‌ರೈಟ್‌ನಲ್ಲೇ ಆ ಸ್ವರ ಉಬ್ಬುತ್ತೆ, ಅದು ಪಿಯಾನೋದ ಹುಟ್ಟುಗುಣ ಅಂತ ಟೆಕ್ನಿಶಿಯನ್ ಒಬ್ಬರು ಹೇಳಿದ್ರು!

ಇನ್ನೊಂದೆರಡು ಕೇಳ್ತೀನಿ. ಬೋಸೆಂಡಾರ್ಫರ್ ನುಡಿಸೋವಾಗ ಮೆತ್ತಗೆ ನುಡಿಸೋಕೇ ಆಗ್ತಿರಲಿಲ್ಲ, ಸ್ವರ ಒಂದೋ ಬರಲ್ಲ ಬಂದ್ರೆ ಜೋರಾಗಿ ಬರುತ್ತೆ, ಇದೂ ಆ ಬದಲಾಯಿಸೋಕಾಗದೇ ಇರೋ ಗುಣಾನಾ? ಮತ್ತೆ ಈ ಮಧ್ಯ ಒಬ್ಬರು ನೂರು ವರ್ಷಕ್ಕೂ ಹಳೇ ಬ್ಲೂತ್ನರ್ ಒಂದಿದೆ, ಪೂರ್ತಿ ರಿಪೇರಿ ಆಗಿದೆ, ನಾದ ಅಂದ್ರೆ ಅದು ಅಂತ ಆಸೆ ಹಚ್ಚಿದಾರೆ. ಹೊಸ ಮಾಡೆಲ್ 6 ಬದಲು ಅದನ್ನ ನೋಡ್ಬೋದಾ?


ಫೆಲ್ಟುಸೂಜಿ:

ಮೆತ್ತಗೆ ಬರದೇ ಇರೋದು ನೂರಕ್ಕೆ ತೊಂಬತ್ತು ಪಾಲು ಆಕ್ಷನ್, ಅಂದ್ರೆ ಕೀಲಿಯಿಂದ ಸುತ್ತಿಗೆವರೆಗಿನ ಯಂತ್ರ, ಹದ ತಪ್ಪಿರೋದು. ಕೀಲಿ ತುಂಬಾ ನಿಧಾನಕ್ಕೆ ಒತ್ತಿ, ಸುತ್ತಿಗೆ ಮೇಲೆ ಹೋಗಿ ತಂತಿ ಹತ್ರ ಬಿಟ್ಕೊಂಡು ಕೆಳಗೆ ಬೀಳೋದು ನೋಡಿ. ಆ ಬಿಟ್ಕೊಳ್ಳೋ ಜಾಗ ತಂತಿಯಿಂದ ಒಂದೆರಡು ಮಿಲಿಮೀಟರ್ ಇರ್ಬೇಕು, ಸೆಕೆಂಡ್ ಹ್ಯಾಂಡ್‌ನಲ್ಲಿ ನಾಲ್ಕು ಐದು ಇರೋದು ಸಾಮಾನ್ಯ. ಆಗ ಉಳಿದ ದೂರಾನ ಸುತ್ತಿಗೆ ಬರೀ ವೇಗದ ಮೇಲೇ ದಾಟಬೇಕು, ಮೆತ್ತಗೆ ಒತ್ತಿದ್ರೆ ತಲುಪೋದೇ ಇಲ್ಲ. ಕೀಲಿ ಇಳಿಯೋ ಆಳ ಸುಮಾರು 10 ಮಿ.ಮೀ., ಮಧ್ಯದ ಕೀಲಿಗಳು ಇಳಿಯೋಕೆ ಸುಮಾರು 50 ಗ್ರಾಂ ಭಾರ, ಇದು ಸರಿ ಇದ್ಯಾ ಅಂತ ಅಳತೆ ಮಾಡಿಸಿ. ಕೈಗೆ ಭಾರ ಆದ ಪಿಯಾನೋ ಕಿವಿಗೂ ಮಂಕಾಗಿ ಕೇಳುತ್ತೆ, ಹಗುರ ಆದ್ರೆ ಚುರುಕಾಗಿ, ಬೆರಳು ಕಿವೀನ ಮೋಸ ಮಾಡೋದು ಹೀಗೆ. ಆ ಬೋಸೆಂಡಾರ್ಫರ್‌ನ ಪಟ್ಟಿಯಿಂದ ತೆಗೀಬೇಡಿ, ಹದ ಮಾಡಿಸಿ ಸುತ್ತಿಗೆ ಉಜ್ಜಿಸಿ ಇನ್ನೊಂದ್ಸಲ ತೋರಿಸಿ ಅನ್ನಿ. ಸುತ್ತಿಗೆ ತುದೀಲಿ ತಂತಿಯ ಗುರುತು ಆಳವಾಗಿ ಬಿದ್ದು ಮೂತಿ ಚಪ್ಪಟೆ ಆಗಿದ್ರೆ ನೀವು ಹೇಳಿದ ತಾರದ ಚುಚ್ಚು ಅಲ್ಲಿಂದಲೇ. ಉಜ್ಜೋಕೆ ಫೆಲ್ಟ್ ಉಳಿದಿಲ್ಲ ಅಂದ್ರೆ ಹೊಸ ಸುತ್ತಿಗೆ ಸೆಟ್ಟು ಹಾಕಿಸ್ಬೇಕು, ಅದನ್ನ ಬೆಲೆ ಮಾತಾಡೋವಾಗ ಮುಂದಿಡಿ. ಕೆಲ್ಸ ಆದ್ಮೇಲೂ ನಿಮಗೆ ಇಷ್ಟ ಆಗ್ಲಿಲ್ಲ ಅಂದ್ರೆ ಆಗ ಅದು ಪಿಯಾನೋ ಮೇಲಿನ ತೀರ್ಪು.

ನೂರು ವರ್ಷದ ಬ್ಲೂತ್ನರ್: ಮೊದಲು ಆಕ್ಷನ್ ಯಾವುದು ಕೇಳಿ. ಆ ಕಾಲದ ಎಷ್ಟೋ ಬ್ಲೂತ್ನರ್‌ಗಳಲ್ಲಿ ಅವರದೇ ಪೇಟೆಂಟ್ ಆಕ್ಷನ್ ಇದೆ. ಈಗ ಎಲ್ಲಾ ಗ್ರ್ಯಾಂಡ್‌ಗಳಲ್ಲಿ ಇರೋದು ಪ್ಯಾರಿಸ್‌ನ ಎರಾರ್ 1821ರಲ್ಲಿ ಪೇಟೆಂಟ್ ಮಾಡಿದ ಡಬಲ್ ಎಸ್ಕೇಪ್‌ಮೆಂಟ್‌ನ ವಂಶ, ಕೀಲಿ ಪೂರ್ತಿ ಮೇಲೆ ಬರೋಕೆ ಮುಂಚೇನೇ ಇನ್ನೊಂದ್ಸಲ ಹೊಡೀಬೋದು. ಬ್ಲೂತ್ನರ್ ಪೇಟೆಂಟ್‌ನಲ್ಲಿ ಹಾಗೆ ಮತ್ತೆ ಹೊಡೆಯೋಕೆ ಬಿಡೋ ರಿಪಿಟೇಶನ್ ಲಿವರ್ ಇಲ್ಲ. ಸ್ಪರ್ಶ ತುಂಬಾ ನಯ, ನನಗೆ ಖುದ್ದು ಇಷ್ಟ, ಆದ್ರೆ ಒಂದೇ ಸ್ವರ ಬೇಗ ಬೇಗ ಬರೋ ಕಡೆ ಕೈ ಅಭ್ಯಾಸ ಬದಲಾಯಿಸ್ಕೋಬೇಕು, ಬಿಡಿಭಾಗ ಗೊತ್ತಿರೋ ಟೆಕ್ನಿಶಿಯನ್‌ಗಳೂ ಕಮ್ಮಿ. ಎರಡನೇದು, ಪೂರ್ತಿ ರಿಪೇರಿ ಅನ್ನೋ ಮಾತಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಕೊಡ್ತಾರೆ, ಪಾಲಿಶ್ ಹೊಡೆದು ತಂತಿ ಬದಲಾಯಿಸಿದ್ರೂ ಪೂರ್ತಿ ರಿಪೇರಿನೇ. ನೀವು ಕೇಳ್ಬೇಕಾಗಿರೋದು ಪಿನ್‌ಬ್ಲಾಕ್ (ಶ್ರುತಿ ಮೊಳೆಗಳು ಕೂರೋ ಮರದ ದಿಮ್ಮಿ) ಹೊಸದಾ, ಬೋರ್ಡ್‌ನ ಉಬ್ಬು ಉಳಿದಿದ್ಯಾ, ಸೇತುವೆ ಮೇಲೆ ಮೊಳೆಗಳ ಸಾಲಲ್ಲಿ ಬಿರುಕು ಇದ್ಯಾ. ಬೋರ್ಡಲ್ಲಿ ಬಿರುಕು ಇದೆ ಅಂದ ಕೂಡ್ಲೇ ಓಡಬೇಡಿ, ಬೋರ್ಡ್ ಕೆಳಗೆ ಅಂಟಿಸಿರೋ ಆಸರೆ ಪಟ್ಟಿಗಳಿಂದ (ಪಕ್ಕೆಲುಬು) ಬಿಟ್ಕೊಂಡು ಝುಂಯ್ ಅನ್ನದೇ ಇದ್ರೆ ಬಿರುಕು ನಾದಕ್ಕೆ ಅಷ್ಟೇನೂ ಕೆಡುಕು ಮಾಡಲ್ಲ. ಪಿನ್‌ಬ್ಲಾಕ್ ಸಡಿಲ ಇದ್ರೆ ಮಾತ್ರ ಆ ಪಿಯಾನೋ ಶ್ರುತೀಲಿ ನಿಲ್ಲಲ್ಲ, ಒಟ್ಟು 20 ಟನ್ ಹತ್ರದ ಎಳೆತ ಹಿಡಿದಿಡೋ ತಂತಿಗಳ ಮೊಳೆ ಕೂರೋದು ಅದರಲ್ಲೇ.

ಯಾವುದೇ ತಗೊಂಡ್ರೂ ಒಂದು ಹೈಗ್ರೋಮೀಟರ್ (ತೇವಾಂಶ ಅಳೆಯೋ ಮಾಪಕ) ಈಗಲೇ ತಂದು ರೂಮಲ್ಲಿಟ್ಟು ಬರ್ಕೊಳ್ತಾ ಬನ್ನಿ. 45ರಿಂದ 55 ಪರ್ಸೆಂಟ್ ತೇವಾಂಶದೊಳಗೆ ಇದ್ರೆ ಒಳ್ಳೇದು, ಅದಕ್ಕಿಂತ ಮುಖ್ಯ ಏರುಪೇರು ಕಮ್ಮಿ ಇರೋದು. ಮರ ತೇವ ಕುಡಿದು ಉಬ್ಬಿದ್ರೆ ಮೊದಲು ಶ್ರುತಿ ಓಡೋದು ನಾನು ಆಗ ಹೇಳಿದ, ತಾಮ್ರದ ತಂತಿ ಮುಗಿಯೋ ಗಡಿಯಿಂದ ಸ್ವಲ್ಪ ಮೇಲಿನ ಉಕ್ಕಿನ ತಂತಿಗಳದ್ದು. ಏರುಪೇರು ವಿಪರೀತ ಇದ್ರೆ ಹಳೇ ಬ್ಲೂತ್ನರ್ ಆಸೆ ಬಿಟ್ಬಿಡಿ. ಪಿಯಾನೋ ಮನೆಗೆ ಬಂದ್ಮೇಲೆ ಕೂಡ್ಲೇ ಶ್ರುತಿ ಮಾಡಿಸೋಕೆ ಹೋಗ್ಬೇಡಿ, ಎರಡು ಮೂರು ವಾರ ರೂಮಿಗೆ ಹೊಂದ್ಕೊಳ್ಳೋಕೆ ಬಿಟ್ಟು, ಶ್ರುತಿ ಆದ್ಮೇಲೇ ವಾಯ್ಸಿಂಗ್. ಗಂಬಳಿ ಹಾಸಿ, ಸ್ಟೂಲ್ ಜಾಗ ಗೊತ್ತು ಮಾಡ್ಕೊಂಡು ಆಮೇಲೆ ವಾಯ್ಸಿಂಗ್‌ನವರನ್ನ ಕರೀರಿ, ಇಲ್ಲಾಂದ್ರೆ ಅವರು ಸೂಜಿ ಹಾಕೋದು ನಿಮ್ಮ ಗೋಡೆಗೆ.